ಅಂಚೆ ಸುಧಾರಣೆಯ ಲೆಕ್ಕ ಹಳ್ಳಿಯ ಟಪಾಲು ಚೀಲದಿಂದ ಶುರುವಾಗಲಿ

2025ರ ಫೆಬ್ರುವರಿ 1ರ ಕೇಂದ್ರ ಬಜೆಟ್ ಭಾಷಣದಲ್ಲಿ ಅಂಚೆ ಇಲಾಖೆಯನ್ನು ದೊಡ್ಡ ಸಾರ್ವಜನಿಕ ಸರಕು ಸಾಗಣೆ ಸಂಸ್ಥೆಯಾಗಿ ಬದಲಿಸುತ್ತೇವೆ ಎಂಬ ಘೋಷಣೆ ಬಂತು. ಒಂದೂವರೆ ಲಕ್ಷ ಗ್ರಾಮೀಣ ಅಂಚೆ ಕಚೇರಿಗಳು, 2.4 ಲಕ್ಷ ಡಾಕ್ ಸೇವಕರು ಹಳ್ಳಿಯ ಆರ್ಥಿಕತೆಗೆ ಬಲ ಕೊಡುತ್ತಾರೆ ಎಂಬ ಮಾತೂ ಅದರ ಜೊತೆಗಿತ್ತು. ಆ ವರ್ಷ ಪೂರ್ತಿ ಬದಲಾವಣೆಗಳು ಒಂದರ ಹಿಂದೊಂದು ಬಂದವು. ಮೇ ತಿಂಗಳಲ್ಲಿ ಪುಸ್ತಕ ಕಳಿಸುವ ಜ್ಞಾನ ಪೋಸ್ಟ್, ಅದೇ ತಿಂಗಳ ಕೊನೆಗೆ ಜಾಗ ಗುರುತಿಸುವ ಸಂಕೇತವಾದ ಡಿಜಿಪಿನ್, ಆಗಸ್ಟ್‌ನಲ್ಲಿ ಹೊಸ ತಂತ್ರಾಂಶ, ಸೆಪ್ಟೆಂಬರ್ 1ಕ್ಕೆ ರಜಿಸ್ಟರ್ ಪೋಸ್ಟು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು, ಅಕ್ಟೋಬರ್ 1ಕ್ಕೆ ಹೊಸ ದರ.

ನಮ್ಮ ಕಡೆ ಈ ವಿಷಯ ಬಂದರೆ ಮಾತು ಎರಡೇ ದಿಕ್ಕಿಗೆ ಹೋಗುತ್ತದೆ. "ಲುಕ್ಸಾನದ ಇಲಾಖೆ, ಖಾಸಗಿಯವರಿಗೆ ಕೊಟ್ಟು ಕೈ ತೊಳಕೋರಿ" ಎನ್ನುವವರು ಒಂದು ಕಡೆ, "ಇದ್ದದ್ದು ಇದ್ದಂಗ ಇರಲಿ, ಏನೂ ಮುಟ್ಟಬ್ಯಾಡ್ರಿ" ಎನ್ನುವವರು ಇನ್ನೊಂದು ಕಡೆ. ಎರಡೂ ವಾದ ಹಳ್ಳಿಯ ಶಾಖಾ ಕಚೇರಿಯ ದಿನಚರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಚೆ ಇಲಾಖೆ ಮಾಡುವ ಕೆಲಸದಲ್ಲಿ ಒಂದು ಪಾಲು ಕರ್ತವ್ಯ, ಇನ್ನೊಂದು ಪಾಲು ವ್ಯಾಪಾರ. ಎರಡನ್ನೂ ಒಂದೇ ಖಾತೆಯಲ್ಲಿ ಬರೆಯುವವರೆಗೆ ಯಾವ ಸುಧಾರಣೆಯೂ ಕೊನೆಗೆ ಬಡಿಯುವುದು ಹಳ್ಳಿಗೇ. ಇದು ನನ್ನ ಗಟ್ಟಿ ಅಭಿಪ್ರಾಯ. ಹೀಗೇಕೆ ಎನ್ನುವುದನ್ನು ಚೀಲದ ದಾರಿ ಹಿಡಿದೇ ಹೇಳುತ್ತೇನೆ.

ಅಂಚೆಯಲ್ಲಿ ಮೂರು ಹಂತದ ಕಚೇರಿಗಳಿವೆ: ಪ್ರಧಾನ ಕಚೇರಿ, ಉಪ ಕಚೇರಿ, ಶಾಖಾ ಕಚೇರಿ. ಹೊರಗಿನಿಂದ ಬಂದ ಟಪಾಲು ಹುಬ್ಬಳ್ಳಿಯ ಆರ್‌ಎಂಎಸ್‌ನಲ್ಲಿ (ರೈಲ್ವೆ ಮೇಲ್ ಸರ್ವಿಸ್) ವಿಂಗಡಣೆಯಾಗಿ ತಾಲೂಕಿನ ಉಪ ಕಚೇರಿಗೆ ಹೋಗುತ್ತದೆ. ಅಲ್ಲಿ ಪ್ರತಿ ಶಾಖಾ ಕಚೇರಿಗೆ ಬೇರೆ ಬೇರೆ ಚೀಲ ಕಟ್ಟುತ್ತಾರೆ. ಚೀಲದೊಳಗೆ ಒಂದು ಬಿ.ಓ. (ಶಾಖಾ ಕಚೇರಿಯ) ಸ್ಲಿಪ್ ಇರುತ್ತದೆ. ಲೆಕ್ಕಕ್ಕೆ ಬರುವ ಪ್ರತಿ ಲಕೋಟೆಯ ನಂಬರು, ಕಳಿಸಿದ ನಗದು, ತಿಕೀಟುಗಳ ಮೊತ್ತ ಅದರಲ್ಲಿ ದಾಖಲಾಗಿರುತ್ತವೆ. ಬಾಯಿ ಕಟ್ಟಿ ಮುದ್ರೆ ಹಾಕಿದ ಚೀಲ ಬಸ್ಸಿನಲ್ಲೋ ಡಾಕ್ ಸೇವಕರ ಬೈಕಿನಲ್ಲೋ ಹಳ್ಳಿಗೆ ಬರುತ್ತದೆ. ಶಾಖಾ ಪೋಸ್ಟ್‌ಮಾಸ್ಟರ್ ಮುದ್ರೆ ನೋಡಿ, ಬಿಚ್ಚಿ, ಸ್ಲಿಪ್ಪಿನ ಜೊತೆ ತಾಳೆ ಮಾಡಿದ ಮೇಲೆಯೇ ಬಟವಾಡೆ. ಸಂಜೆ ದಿನದ ಲೆಕ್ಕ ಬರೆದು, ಮಿತಿಗಿಂತ ಹೆಚ್ಚಿರುವ ನಗದನ್ನು ಅದೇ ಚೀಲದಲ್ಲಿ ತಿರುಗಿ ಕಳಿಸಬೇಕು.

ಈ ಸರಪಳಿ ತುಂಡಾಗುವುದು ಬಹುತೇಕ ಎರಡೇ ಜಾಗದಲ್ಲಿ. ಮೊದಲನೆಯದು ಪಿನ್ ಕೋಡ್. 1972ರ ಆಗಸ್ಟ್ 15ರಂದು ಬಂದ ಈ ಆರು ಅಂಕಿ ಬಟವಾಡೆ ಮಾಡುವ ಕಚೇರಿಗೆ ಸೇರಿದ್ದು, ಜಿಲ್ಲೆಗೆ ಸೇರಿದ್ದಲ್ಲ. ಧಾರವಾಡ 580001, ಹುಬ್ಬಳ್ಳಿ 580020 ಎಂದು ತಿಳಿದವರು ಧಾರವಾಡ ಜಿಲ್ಲೆಗೆಲ್ಲ 580 ಎಂದು ಊಹಿಸುತ್ತಾರೆ. ಆದರೆ ನವಲಗುಂದ 582208, ಅಣ್ಣಿಗೇರಿ 582201. ಎರಡೂ ಗದಗದ 582ರ ಗುಂಪಿನಲ್ಲಿವೆ. ತಪ್ಪು ಪಿನ್ ಬರೆದ ಲಕೋಟೆ ತಪ್ಪು ಚೀಲಕ್ಕೆ ಬಿದ್ದು, ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ದಿನಗಳು ಹೋಗುತ್ತವೆ. ಒಂದೇ ಪಿನ್ನಿನ ಕೆಳಗೆ ಹತ್ತಾರು ಹಳ್ಳಿ ಇರುವುದರಿಂದ "ಮು.ಪೋ." (ಮುಕ್ಕಾಂ ಪೋಸ್ಟ್) ಎಂದು ಹಳ್ಳಿಯ ಹೆಸರು, ಶಾಖಾ ಕಚೇರಿ ಬೇರೆ ಊರಿನಲ್ಲಿದ್ದರೆ ಅದರ ಹೆಸರು, ಆಮೇಲೆ ತಾಲೂಕು, ಜಿಲ್ಲೆ, ಪಿನ್, ಇಷ್ಟನ್ನೂ ಬರೆಯುವ ನಮ್ಮ ಹಿರಿಯರ ರೂಢಿ ಇವತ್ತಿಗೂ ಸರಿಯಾದದ್ದು. ಆನ್‌ಲೈನ್ ಅಂಗಡಿಗಳ ವಿಳಾಸದ ಫಾರ್ಮಿನಲ್ಲಿ ಶಾಖಾ ಕಚೇರಿಗೆ ಜಾಗವೇ ಇರುವುದಿಲ್ಲ. ಹಳ್ಳಿಯ ಪಾರ್ಸೆಲ್ಲು ಉಪ ಕಚೇರಿಯಲ್ಲಿ ಕೊಳೆಯುವುದಕ್ಕೆ ಇದೊಂದು ದೊಡ್ಡ ಕಾರಣ.

ಎರಡನೆಯದು ಹೊತ್ತು. ಶಾಖಾ ಕಚೇರಿ ನಡೆಯುವುದು ದಿನಕ್ಕೆ 4 ಅಥವಾ 5 ತಾಸು. ಮುಂಗಾರಿನಲ್ಲಿ ಎರಿ ಮಣ್ಣಿನ ರಸ್ತೆ ಕೈಕೊಟ್ಟು ಬಸ್ಸು ಎರಡು ತಾಸು ತಡವಾದರೆ ಚೀಲ ಬರುವಾಗ ಬಟವಾಡೆಯ ವೇಳೆ ಮುಗಿದಿರುತ್ತದೆ. ಎರಡು ತಾಸಿನ ತಡ ಮರುದಿನದ ಬಟವಾಡೆಯಾಗುತ್ತದೆ. ಶನಿವಾರ ಹೀಗಾದರೆ ಸೋಮವಾರವೇ. ದೆಹಲಿಯಿಂದ ಹುಬ್ಬಳ್ಳಿಗೆ ಟಪಾಲು ಬೇಗ ಬರುವಂತೆ ಕೋಟಿಗಟ್ಟಲೆ ಸುರಿದು ಈ ಕೊನೆಯ ಹದಿನೈದು ಕಿಲೋಮೀಟರನ್ನು ಬಿಟ್ಟರೆ ಹಳ್ಳಿಯವರಿಗೆ ಏನೂ ದಕ್ಕುವುದಿಲ್ಲ.

ಈಗ ದುಡ್ಡಿನ ಲೆಕ್ಕ. ಸಾಮಾನ್ಯ ಪ್ರದೇಶದಲ್ಲಿ ಶಾಖಾ ಕಚೇರಿ ತೆರೆಯಲು ಇಲಾಖೆಯ ನಿಯಮ ಹೀಗಿದೆ: ಹತ್ತಿರದ ಕಚೇರಿಯಿಂದ ಕನಿಷ್ಠ 3 ಕಿ.ಮೀ. ದೂರ, ಹಳ್ಳಿಗಳ ಗುಂಪಿನಲ್ಲಿ 3,000 ಜನಸಂಖ್ಯೆ, ಮತ್ತು ಖರ್ಚಿನ ಮೂರನೇ ಒಂದು ಭಾಗದಷ್ಟಾದರೂ ಆದಾಯ. ಗುಡ್ಡಗಾಡು, ಬುಡಕಟ್ಟು, ಮರುಭೂಮಿ ಪ್ರದೇಶಕ್ಕೆ ಆದಾಯದ ಮಿತಿ ಶೇ. 15. ಅಂದರೆ ಹಳ್ಳಿಯ ಕಚೇರಿ ನಷ್ಟದಲ್ಲಿಯೇ ನಡೆಯುತ್ತದೆ ಎಂದು ಒಪ್ಪಿಕೊಂಡೇ ಇಡೀ ವ್ಯವಸ್ಥೆಯನ್ನು ಕಟ್ಟಲಾಗಿದೆ. ಆ ಒಪ್ಪಿಗೆ ಸರಿಯಾದದ್ದು. ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ ಲಾಭ ಮಾಡಬೇಕೆಂದು ಯಾರೂ ಕೇಳುವುದಿಲ್ಲ. ತಕರಾರಿರುವುದು ಆ ಮೂರನೇ ಒಂದು ಭಾಗವನ್ನು ಎಣಿಸುವ ರೀತಿಯಲ್ಲಿ. ಅಂಚೆಯ ಶುಲ್ಕ ವಸೂಲಾಗುವುದು ಬುಕ್ ಆಗುವ ಜಾಗದಲ್ಲಿ. ಬೆಂಗಳೂರಿನಲ್ಲಿ ಬುಕ್ಕಾದ ಪಾರ್ಸೆಲ್ಲಿನ ದುಡ್ಡು ಬೆಂಗಳೂರಿನ ಗಲ್ಲಾಕ್ಕೆ ಬೀಳುತ್ತದೆ. ಅದನ್ನು ಶಿರಹಟ್ಟಿ ತಾಲೂಕಿನ ಹಳ್ಳಿಯ ಮನೆಗೆ ಮುಟ್ಟಿಸುವ ಬೆವರು ಮಾತ್ರ ಹಳ್ಳಿಯದು. ಧಾರವಾಡ, ಗದಗ, ಹಾವೇರಿ ಈ ನಮ್ಮ ಮೂರೂ ಜಿಲ್ಲೆಗಳ ಹಳ್ಳಿಗಳು ಕಳಿಸುವುದಕ್ಕಿಂತ ಪಡೆಯುವುದೇ ಹೆಚ್ಚು. ಬಟವಾಡೆಯಾದ ಪ್ರತಿ ವಸ್ತುವಿಗೂ ಶಾಖಾ ಕಚೇರಿಯ ಖಾತೆಗೆ ಸರಿಯಾದ ಪಾಲು ಜಮಾ ಆಗುವವರೆಗೆ "ಈ ಕಚೇರಿಗೆ ಆದಾಯ ಇಲ್ಲ" ಎಂಬ ಮಾತಿಗೆ ಅರ್ಥವಿಲ್ಲ.

ಈ ಕಚೇರಿಗಳನ್ನು ನಡೆಸುವವರು ಗ್ರಾಮೀಣ ಡಾಕ್ ಸೇವಕರು. ಹತ್ತನೇ ತರಗತಿಯ ಅಂಕದ ಮೇಲೆ ಆಯ್ಕೆ, 65 ವರ್ಷಕ್ಕೆ ನಿವೃತ್ತಿ. ಡಾಕ್ ಸೇವಕರ ಸಂಬಳ-ಸೌಲಭ್ಯ ಪರಿಶೀಲಿಸಿದ ಕಮಲೇಶ್ ಚಂದ್ರ ಸಮಿತಿಯ ವರದಿಯ ಮೇಲೆ 2018ರ ಜುಲೈನಿಂದ ಶಾಖಾ ಪೋಸ್ಟ್‌ಮಾಸ್ಟರಿಗೆ 4 ತಾಸಿಗೆ 12,000 ರೂ., 5 ತಾಸಿಗೆ 14,500 ರೂ. ಮೂಲ ಭತ್ಯೆ, ಮೇಲೆ ತುಟ್ಟಿಭತ್ಯೆ. ಸಹಾಯಕರಿಗೆ 10,000 ಮತ್ತು 12,000. ಇವರು ಇಲಾಖೆಯ ಖಾಯಂ ನೌಕರರಲ್ಲ, ಬೇರೆ ಆದಾಯದ ಮೂಲ ಇರಲೇಬೇಕು, ಕಚೇರಿಗೆ ಜಾಗವನ್ನೂ ಪೋಸ್ಟ್‌ಮಾಸ್ಟರೇ ಹೊಂದಿಸಬೇಕು. ಎಷ್ಟೋ ಊರಲ್ಲಿ ಪಡಸಾಲೆಯ ಒಂದು ಮೂಲೆಯೇ ಅಂಚೆ ಕಚೇರಿ. 1977ರ ರಾಜಮ್ಮ ಪ್ರಕರಣದಲ್ಲಿ ಇದು ಸರಕಾರದ ನಾಗರಿಕ ಹುದ್ದೆಯೇ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಸೌಲಭ್ಯದಲ್ಲಿ ಖಾಯಂ ನೌಕರರ ಸಾಲಿಗೆ ಅವರು ಬಂದಿಲ್ಲ.

ಕಾಗದ, ಆರ್‌ಡಿ, ಸುಕನ್ಯಾ ಖಾತೆ, ಗ್ರಾಮೀಣ ಅಂಚೆ ಜೀವ ವಿಮೆ, ಈಗ ಪಾರ್ಸೆಲ್ಲು, ಮೇಲೆ ಅಂಚೆ ಇಲಾಖೆಯದೇ ಪೇಮೆಂಟ್ಸ್ ಬ್ಯಾಂಕು. ಕೆಲಸ ಇಷ್ಟು ಬೆಳೆದರೂ ತಾಸು ಮಾತ್ರ ನಾಲ್ಕೋ ಐದೋ. ಪಾರ್ಸೆಲ್ ವ್ಯಾಪಾರ ಬೆಳೆಸುವ ಯೋಜನೆಯಲ್ಲಿ ಮೊದಲ ಸಾಲು ಇದೇ ಆಗಬೇಕಿತ್ತು: ಬಟವಾಡೆ ಹೆಚ್ಚಿರುವ ಶಾಖಾ ಕಚೇರಿಗೆ ಎಂಟು ತಾಸು, ಪೂರ್ತಿ ಸಂಬಳ.

ಗೃಹಲಕ್ಷ್ಮಿ ಹಣ ಜಮಾ ಆದ ವಾರ ಶಾಖಾ ಕಚೇರಿಯನ್ನು ಹತ್ತಿರದಿಂದ ನೋಡಿದರೆ ಸಮಸ್ಯೆ ಪೂರ್ತಿ ಕಾಣುತ್ತದೆ. ಯಾವ ಬ್ಯಾಂಕಿನ ಖಾತೆಯಿದ್ದರೂ ಆಧಾರ್ ಜೋಡಣೆಯಾಗಿದ್ದರೆ ಅಂಚೆಯವರ ಸಾಧನದಲ್ಲಿ ಬೆರಳು ಒತ್ತಿ ನಗದು ಪಡೆಯಬಹುದು, ಒಂದು ಸಲಕ್ಕೆ 10,000 ರೂ.ವರೆಗೆ. ಬ್ಯಾಂಕಿಗೆ ಹೋಗಿಬರುವ ಬಸ್ಸು, ಒಂದು ದಿನದ ಕೂಲಿ ಎರಡೂ ಉಳಿಯುತ್ತವೆ ಎಂದು ಹೆಣ್ಣುಮಕ್ಕಳು ಇಲ್ಲಿಗೇ ಬರುತ್ತಾರೆ. ಐವತ್ತು ಮಂದಿ ತಲಾ 2,000 ತೆಗೆದರೆ ಒಂದು ಲಕ್ಷ ನಗದು ಬೇಕು. ಶಾಖಾ ಕಚೇರಿ ಇಟ್ಟುಕೊಳ್ಳಬಹುದಾದ ನಗದಿಗೆ ಮಿತಿ ಇದೆ. ಹೆಚ್ಚು ಬೇಕಾದರೆ ಇವತ್ತಿನ ಲೆಕ್ಕದಲ್ಲಿ ಬೇಡಿಕೆ ಬರೆದು ನಾಳಿನ ಚೀಲಕ್ಕೆ ಕಾಯಬೇಕು. ಮೊದಲ ಹತ್ತಿಪ್ಪತ್ತು ಮಂದಿಗೆ ಕೊಟ್ಟಾದ ಮೇಲೆ "ನಾಳೆ ಬಾ ಯವ್ವಾ" ಎನ್ನುವುದೇ ಗತಿ. ಇನ್ನೊಂದು ತೊಡಕು ಬೆರಳು. ಹತ್ತಿ ಬಿಡಿಸುವ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೈಗಳ ರೇಖೆ ಸವೆದಿರುತ್ತದೆ. ಒಂದು ಬೆರಳು ಬೀಳದಿದ್ದರೆ ಕೈ ತೊಳೆದು ಒರೆಸಿ ಬೇರೆ ಬೆರಳು ಕೊಡಬೇಕು, ಸಾಧನದ ಗಾಜನ್ನೂ ಒರೆಸಬೇಕು. 2025ರ ಆಗಸ್ಟ್‌ನಲ್ಲಿ ಪೇಮೆಂಟ್ಸ್ ಬ್ಯಾಂಕು ಮುಖ ನೋಡಿ ಗುರುತಿಸುವ ಪದ್ಧತಿ ತಂದಿತು. ಮಾಡಿದ ಸುಧಾರಣೆಗಳಲ್ಲಿ ನಾನು ಪೂರ್ತಿ ಮನಸ್ಸಿನಿಂದ ಮೆಚ್ಚುವುದು ಇದನ್ನೇ. ನಗದಿನ ಮಿತಿಯನ್ನೂ ಹಣ ಜಮಾ ಆಗುವ ವಾರಕ್ಕೆ ತಕ್ಕಂತೆ ಏರಿಸಿದರೆ ಅರ್ಧ ತೊಂದರೆ ನೀಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಅಂಚೆ ಕಚೇರಿಯ ಉಳಿತಾಯ ಖಾತೆಯೇ ಬೇರೆ, 2018ರ ಸೆಪ್ಟೆಂಬರ್ 1ರಂದು ದೇಶಕ್ಕೆಲ್ಲ ಬಂದ ಪೇಮೆಂಟ್ಸ್ ಬ್ಯಾಂಕಿನ ಖಾತೆಯೇ ಬೇರೆ. ಮೊದಲನೆಯದಕ್ಕೆ ಶೇ. 4 ಬಡ್ಡಿ, ಎರಡನೆಯದಕ್ಕೆ ಅದಕ್ಕಿಂತ ಕಡಿಮೆ. ಎರಡನೆಯದರಲ್ಲಿ 2 ಲಕ್ಷಕ್ಕಿಂತ ಹೆಚ್ಚು ಇಡುವಂತಿಲ್ಲ, ಆ ಬ್ಯಾಂಕು ಸಾಲ ಕೊಡುವಂತೆಯೂ ಇಲ್ಲ. ಕೌಂಟರಿನಲ್ಲಿ ಕೂತವರು ಒಬ್ಬರೇ ಆದ್ದರಿಂದ ಎರಡೂ ಒಂದೇ ಎಂದು ಮಂದಿ ತಿಳಿಯುತ್ತಾರೆ. ಖಾತೆ ತೆರೆಯುವಾಗ ಯಾವುದು ಎಂದು ಕೇಳಿಯೇ ಸಹಿ ಮಾಡಬೇಕು.

ಮಂದಿಗೆ ನೇರವಾಗಿ ತಟ್ಟಿದ್ದು ರಜಿಸ್ಟರ್ ಪೋಸ್ಟಿನ ವಿಲೀನ. ಧಾರವಾಡದಲ್ಲಿ 2008ರಿಂದ ಹೈಕೋರ್ಟ್ ಪೀಠ ಇದೆ, 2013ರಲ್ಲಿ ಅದು ಖಾಯಂ ಆಯಿತು. ನೋಟೀಸು ಕಳಿಸುವ ಕೆಲಸ ಇಲ್ಲಿ ದಿನನಿತ್ಯದ್ದು. ಎ4 ಅಳತೆಯ 80 ಜಿಎಸ್‌ಎಂ ಹಾಳೆ ಒಂದಕ್ಕೆ ಸುಮಾರು 5 ಗ್ರಾಂ. ಮೂರು ಹಾಳೆಯ ನೋಟೀಸು, ತೆಳು ಕವರು ಸೇರಿ 20 ಗ್ರಾಂ. ಹಳೇ ರಜಿಸ್ಟರ್ ಪೋಸ್ಟಿನಲ್ಲಿ ಇದಕ್ಕೆ ತೆರಿಗೆ ಸೇರಿ 25.96 ರೂ., ಮುಂದೆ ಪ್ರತಿ 20 ಗ್ರಾಂಗೆ 5 ರೂ. ಹೆಚ್ಚುತ್ತಿತ್ತು. ಈಗ ಸ್ಪೀಡ್ ಪೋಸ್ಟಿನಲ್ಲಿ 50 ಗ್ರಾಂವರೆಗೆ ಸ್ಥಳೀಯವಾಗಿ 19 ರೂ., ಹೊರಗೆ ಎಲ್ಲಿಗಾದರೂ 47 ರೂ. ರಜಿಸ್ಟ್ರೇಶನ್ ಬೇಕಾದರೆ ಇನ್ನೂ 5, ಒಟ್ಟಿನ ಮೇಲೆ ಶೇ. 18 ಜಿಎಸ್‌ಟಿ. ಹುಬ್ಬಳ್ಳಿಯಿಂದ ಹಾನಗಲ್ಲಿಗೆ ಅದೇ ಮೂರು ಹಾಳೆಗೆ 61.36 ರೂ. ಊರೊಳಗೇ ಆದರೆ 28.32. ಹೊರಗಿನ ಊರಿಗೆ ಎರಡು ಪಟ್ಟಿಗಿಂತ ಹೆಚ್ಚು. ವೇಗ ಬೇಡ, ದಾಖಲೆ ಮಾತ್ರ ಬೇಕು ಎನ್ನುವ ರೈತನಿಗೂ ವೇಗದ ದರವೇ ಗತಿ. ಎರಡು ವಿಂಗಡಣೆಯ ಸಾಲುಗಳನ್ನು ಒಂದು ಮಾಡಿದ್ದರಿಂದ ಇಲಾಖೆಯ ಖರ್ಚು ಉಳಿದಿರುತ್ತದೆ, ಅದು ಜಾಣತನದ ಕೆಲಸವೇ. ಆ ಉಳಿತಾಯದ ಒಂದು ಪಾಲಿನಲ್ಲಿ ನ್ಯಾಯಾಲಯ, ಜಮೀನು, ಪಿಂಚಣಿಯ ಕಾಗದಗಳಿಗೆ ಒಂದು ಅಗ್ಗದ ದರ ಇಡಬೇಕಿತ್ತು.

ಕೌಂಟರಿನಲ್ಲಿ "ಸ್ಪೀಡ್ ಪೋಸ್ಟ್" ಎಂದಷ್ಟೇ ಹೇಳಿ ಬಂದರೆ ಲಕೋಟೆಯನ್ನು ಆ ವಿಳಾಸದಲ್ಲಿ ಇದ್ದವರ ಕೈಗೆ ಕೊಡಬಹುದು. ವಿಳಾಸದಾರರಿಗೋ ಅವರು ಅಧಿಕಾರ ಕೊಟ್ಟವರಿಗೋ ಮಾತ್ರ ಮುಟ್ಟಬೇಕಾದರೆ "ರಜಿಸ್ಟ್ರೇಶನ್ ಹಾಕ್ರಿ" ಎಂದು ಬಾಯಿಬಿಟ್ಟು ಕೇಳಬೇಕು. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೇ ಕಲಮು ಸರಿಯಾದ ವಿಳಾಸ ಬರೆದು, ಪೂರ್ತಿ ಶುಲ್ಕ ಕಟ್ಟಿ, ರಜಿಸ್ಟರ್ ಮಾಡಿ ಕಳಿಸಿದ ಕಾಗದ ಮುಟ್ಟಿದೆ ಎಂದು ಭಾವಿಸುತ್ತದೆ. ಆ ರಕ್ಷಣೆಯ ಬಗ್ಗೆ ತಕರಾರು ಏಳಬಾರದು ಎಂದರೆ ಈ 5 ರೂಪಾಯಿ ಉಳಿಸಬೇಡಿ. ಚೆಕ್ ಬೌನ್ಸ್ ಪ್ರಕರಣದಲ್ಲಂತೂ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟೀಸು ಹೋಗಬೇಕು, ಹಣ ಕಟ್ಟಲು ಇರುವ 15 ದಿನದ ಲೆಕ್ಕ ಅದು ಮುಟ್ಟಿದ ದಿನದಿಂದ ಶುರು. ಹಾಗಾಗಿ ಮುಟ್ಟಿದ ದಿನದ ದಾಖಲೆಯೇ ಮುಖ್ಯ. ರಸೀದಿಯ ಮೇಲಿನ 13 ಅಕ್ಷರಗಳನ್ನು ಅಲ್ಲೇ ಓದಿ ನೋಡಿ: ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಐ-ಎನ್. ಒಂಬತ್ತನೆಯ ಅಂಕಿ ಉಳಿದ ಎಂಟರ ತಪಾಸಣೆಗೆ ಇಟ್ಟದ್ದು, ಒಂದು ಅಂಕಿ ತಪ್ಪಿ ಒತ್ತಿದರೂ ಯಂತ್ರ ಸಾಮಾನ್ಯವಾಗಿ ಒಪ್ಪುವುದಿಲ್ಲ. ರಸೀದಿಯ ಮಸಿ ಬೇಗ ಮಾಸುತ್ತದೆ, ಆದ್ದರಿಂದ ಅದೇ ದಿನ ಫೋಟೋ ತೆಗೆದಿಡಿ. ಟ್ರ್ಯಾಕಿಂಗ್ ಪುಟದಲ್ಲಿ ಬಟವಾಡೆಯ ದಿನ ಬಂದ ಕೂಡಲೇ ಅದನ್ನೂ ಛಾಪಿಸಿ ಕಡತಕ್ಕೆ ಸೇರಿಸಿ.

ಪುಸ್ತಕದ ಅಂಚೆಯ ಕಥೆಯೂ ಇದೇ ಪಾಠ ಹೇಳುತ್ತದೆ. 1933ರಿಂದ ನಡೆದ ಮನೋಹರ ಗ್ರಂಥಮಾಲೆಯಂಥ ಸಂಸ್ಥೆ ಇರುವ ಧಾರವಾಡಕ್ಕೆ, ಛಾಪಖಾನೆಗಳ ಊರಾದ ಗದಗಕ್ಕೆ ಅಗ್ಗದ ಪುಸ್ತಕ ಅಂಚೆ ಎಂದರೆ ಓದುಗರ ಮನೆಯ ದಾರಿ. 2024ರ ಡಿಸೆಂಬರಿನಲ್ಲಿ ಆ ಸೇವೆಯನ್ನು ನಿಲ್ಲಿಸಿದರು. ಬದಲಿಯಾಗಿ ಜ್ಞಾನ ಪೋಸ್ಟ್ ಬಂದದ್ದು 2025ರ ಮೇ 1ಕ್ಕೆ. ನಡುವಿನ ನಾಲ್ಕು ತಿಂಗಳು ಸಣ್ಣ ಪ್ರಕಾಶಕರು ಪಾರ್ಸೆಲ್ ದರ ಕೊಟ್ಟು ಕಳಿಸಬೇಕಾಯಿತು. ಹೊಸ ಸೇತುವೆ ಮುಗಿಯುವ ಮೊದಲು ಹಳೆಯದನ್ನು ಒಡೆದಂತಾಯಿತು. ಜ್ಞಾನ ಪೋಸ್ಟಿನ ದರ 300 ಗ್ರಾಂಗೆ 20 ರೂ.ನಿಂದ 5 ಕೆಜಿಗೆ 100 ರೂ.ವರೆಗೆ, ತೆರಿಗೆ ಬೇರೆ. ಟ್ರ್ಯಾಕಿಂಗ್ ಇದೆ, ಭೂಮಾರ್ಗದಲ್ಲಿ ಹೋಗುತ್ತದೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು, ವ್ಯಾಪಾರದ ಪ್ರಕಟಣೆಗಳು, ನಿಯತಕಾಲಿಕೆಗಳು ಇದರಲ್ಲಿ ಬರುವುದಿಲ್ಲ.

ತಂತ್ರಾಂಶದ ವಿಷಯದಲ್ಲಿ ಇಲಾಖೆಗೆ ಶಹಬ್ಬಾಸ್ ಹೇಳಬೇಕು. ಹೊರಗಿನ ಕಂಪನಿಯ ವ್ಯವಸ್ಥೆಯನ್ನು ಬಿಟ್ಟು ಇಲಾಖೆಯವರೇ ಕಟ್ಟಿದ ಎಪಿಟಿ ಎಂಬ ತಂತ್ರಾಂಶವನ್ನು 2025ರ ಮೇ-ಜೂನ್‌ನಲ್ಲಿ ಮೊದಲು ಕರ್ನಾಟಕ ಅಂಚೆ ವೃತ್ತದಲ್ಲೇ ಪರೀಕ್ಷೆ ಮಾಡಿ, ಆಗಸ್ಟ್ 4ರ ಹೊತ್ತಿಗೆ ದೇಶಕ್ಕೆಲ್ಲ ಹರಡಿದರು. ಒಂದೇ ದಿನದಲ್ಲಿ 32 ಲಕ್ಷ ಬುಕಿಂಗ್, 37 ಲಕ್ಷ ಬಟವಾಡೆ ತಾಳಿಕೊಂಡಿತು. ಹೊಸತರಲ್ಲಿ ಸರ್ವರ್ ನಿಧಾನವಾಗಿ ಪಾಳಿಗಳು ಬೆಳೆದದ್ದು ನಿಜ, ಅದೂ ರಾಖಿ ಹಬ್ಬದ ವಾರದಲ್ಲಿ. ದಿನಾಂಕ ಆರಿಸಿದ್ದು ತಪ್ಪು, ಕೆಲಸ ಸರಿ.

ಡಿಜಿಪಿನ್ ಬಗ್ಗೆ ನನ್ನ ಒಪ್ಪಿಗೆ ಅರ್ಧ. ದೇಶವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಮಾಡಿ, ಪ್ರತಿಯೊಂದಕ್ಕೂ ಹತ್ತು ಅಕ್ಷರದ ಸಂಕೇತ ಕೊಟ್ಟಿದ್ದಾರೆ. 0 ಮತ್ತು 1 ಬಳಸದ್ದರಿಂದ ಅಕ್ಷರ-ಅಂಕಿ ಗೊಂದಲ ಇಲ್ಲ. ಮನೆ ನಂಬರುಗಳಿಗೆ ಕ್ರಮವೇ ಇಲ್ಲದ ಹುಬ್ಬಳ್ಳಿ-ಧಾರವಾಡದ ಹೊಸ ಲೇಔಟುಗಳಿಗೆ, ತೋಟದ ಮನೆಗಳಿಗೆ ಇದು ಬಹಳ ಉಪಯೋಗ. ಆದರೆ ಅದು ತೋರಿಸುವುದು ಜಾಗವನ್ನು. ಒಂದೇ ವಾಡೆಯಲ್ಲಿ ನಾಲ್ಕು ಅಣ್ಣತಮ್ಮಂದಿರ ಸಂಸಾರ, ಒಂದೇ ಹೆಸರಿನ ಇಬ್ಬರು ಬಸವರಾಜರು ಇದ್ದರೆ ಯಾರ ಕಾಗದ ಯಾರಿಗೆ ಎಂಬುದು ಊರಿನ ಡಾಕ್ ಸೇವಕರಿಗೇ ಗೊತ್ತು. ಬಟವಾಡೆಯನ್ನು ಅಂಚೆ ಕಚೇರಿಗಳಿಂದ ತೆಗೆದು ಸ್ವತಂತ್ರ ಬಟವಾಡೆ ಕೇಂದ್ರಗಳಲ್ಲಿ ಕೂಡಿಸುವ ಯೋಜನೆಯ ತೊಂದರೆಯೂ ಇಲ್ಲಿಯೇ. ಪೇಟೆಯಲ್ಲಿ ಅದರಿಂದ ವಾಹನ, ಜಾಗ, ವೇಳೆ ಉಳಿಯುತ್ತದೆ. ಮನೆಯಲ್ಲಿ ಯಾರೂ ಸಿಗದೆ ತಿರುಗಿದ ಲಕೋಟೆಯನ್ನು ಮಾತ್ರ ಓಣಿಯ ಅಂಚೆ ಕಚೇರಿಯಲ್ಲೇ ಇಡಬೇಕು. ವಯಸ್ಸಾದವರನ್ನು ಊರ ಹೊರಗಿನ ಕೇಂದ್ರಕ್ಕೆ ಅಲೆಸಬಾರದು. ಹಳ್ಳಿಗೆ ಈ ಪದ್ಧತಿ ಬೇಡವೇ ಬೇಡ.

ಇಷ್ಟೆಲ್ಲದರ ಮೇಲೆ ಕಾನೂನು. 1898ರ ಕಾಯ್ದೆಯ ಜಾಗಕ್ಕೆ ಬಂದ 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ. ಕಾಗದ ಸಾಗಿಸುವ ಏಕಸ್ವಾಮ್ಯ ಹೋಯಿತು, ಅಂಚೆ ಚೀಟಿ ಹೊರಡಿಸುವ ಹಕ್ಕು ಮಾತ್ರ ಉಳಿಯಿತು. ಕೊರಿಯರ್‌ಗಳು ಹೇಗೂ ನಡೆದಿದ್ದವು, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಎರಡು ಕಡೆ. ಹಳೇ ಕಾಯ್ದೆಯಲ್ಲಿ ಕಾಗದದ ದರ ಕಾಯ್ದೆಯ ಪಟ್ಟಿಯಲ್ಲೇ ಇತ್ತು, ಏರಿಸಬೇಕಾದರೆ ಸಂಸತ್ತಿಗೆ ಬರಬೇಕಿತ್ತು. ಈಗ ಅಂಚೆ ಸೇವೆಗಳ ಮಹಾನಿರ್ದೇಶಕರ ನಿಯಮಾವಳಿ ಸಾಕು. ಇನ್ನೊಂದು 10ನೇ ಕಲಮು: ನಿಯಮದಲ್ಲಿ ಹೇಳಿದಷ್ಟನ್ನು ಬಿಟ್ಟು ಸೇವೆಯ ಲೋಪಕ್ಕೆ ಅಂಚೆ ಕಚೇರಿ ಹೊಣೆಯಲ್ಲ. ವ್ಯಾಪಾರ ಮಾಡುತ್ತೇನೆ ಎನ್ನುವವರು ವ್ಯಾಪಾರಿಯ ಹೊಣೆಯನ್ನೂ ಹೊರಬೇಕು. ಪಾರ್ಸೆಲ್ಲಿಗಾದರೂ ಕೊರಿಯರಿನ ಮೇಲಿರುವಷ್ಟೇ ಜವಾಬ್ದಾರಿ ಅಂಚೆಯ ಮೇಲಿರಬೇಕು.

ಹೊರದೇಶದ ಉದಾಹರಣೆ ಕೊಡುವವರು ಡೆನ್ಮಾರ್ಕಿನ ಸರಕಾರಿ ಅಂಚೆ ಸಂಸ್ಥೆ 2025ರ ಡಿಸೆಂಬರ್ 30ಕ್ಕೆ ಕಾಗದದ ಬಟವಾಡೆಯನ್ನೇ ನಿಲ್ಲಿಸಿತು ಎನ್ನುತ್ತಾರೆ. ಅಲ್ಲಿ ಸರಕಾರದ ಪತ್ರಗಳನ್ನು ಡಿಜಿಟಲ್ ಪೆಟ್ಟಿಗೆಯಲ್ಲಿ ಪಡೆಯುವುದು ದಶಕದ ಹಿಂದೆಯೇ ರೂಢಿಗೆ ಬಂದಿತ್ತು. ಬ್ರಿಟನ್ ರಾಯಲ್ ಮೇಲನ್ನು 2013ರಲ್ಲಿ ಖಾಸಗಿ ಮಾಡಿತು, 2025ರ ಜುಲೈಯಿಂದ ಎರಡನೇ ದರ್ಜೆಯ ಕಾಗದ ದಿನ ಬಿಟ್ಟು ದಿನ. ನಮಗೆ ಹೆಚ್ಚು ಹತ್ತಿರದ್ದು ಜಪಾನಿನ ಅನುಭವ. 2007ರಲ್ಲಿ ಅಂಚೆ, ಕೌಂಟರು, ಬ್ಯಾಂಕು, ವಿಮೆ ಎಂದು ನಾಲ್ಕು ಕಂಪನಿಗಳಾಗಿ ಒಡೆದರು. 2012ರಲ್ಲಿ ಅಂಚೆ ಮತ್ತು ಕೌಂಟರುಗಳನ್ನು ತಿರುಗಿ ಒಂದು ಮಾಡಿ, ಮೂಲ ಉಳಿತಾಯ-ವಿಮೆಯ ಸೇವೆಯನ್ನೂ ಸಾರ್ವತ್ರಿಕ ಕರ್ತವ್ಯವಾಗಿ ಕಾನೂನಿಗೆ ಸೇರಿಸಿದರು. ಅಂಚೆ ಸುಧಾರಣೆಗೆಂದು ನೇಮಿಸಿದ 2014ರ ಟಿ.ಎಸ್.ಆರ್. ಸುಬ್ರಮಣಿಯನ್ ಕಾರ್ಯಪಡೆ ನಮ್ಮಲ್ಲಿಯೂ ಐದು ಕಂಪನಿಗಳಾಗಿ ವಿಂಗಡಿಸುವ ಸಲಹೆ ಕೊಟ್ಟಿತ್ತು. ಒಬ್ಬರೇ ಕಾಗದವನ್ನೂ ಆರ್‌ಡಿಯನ್ನೂ ನೋಡಿಕೊಳ್ಳುವ ಕುಂದಗೋಳದ ಹಳ್ಳಿಯಲ್ಲಿ ಕಚೇರಿಯನ್ನು ಐದು ಕಂಪನಿಗೆ ಹಂಚಲು ಬರುವುದಿಲ್ಲ. ಹಂಚಬೇಕಾದ್ದು ಲೆಕ್ಕದ ಪುಸ್ತಕವನ್ನು. ಹಳ್ಳಿಯ ಬಟವಾಡೆ, ಸಣ್ಣ ಉಳಿತಾಯ, ಪಿಂಚಣಿ ಇವುಗಳ ಖರ್ಚನ್ನು ಕೇಂದ್ರ ಬಜೆಟ್ಟಿನಲ್ಲಿ ಬೇರೆ ಸಾಲಾಗಿ ಬರೆದು ಬಹಿರಂಗವಾಗಿ ಕೊಡಲಿ. ಪೇಟೆಯ ಪಾರ್ಸೆಲ್ಲು ತನ್ನ ಕಾಲ ಮೇಲೆ ನಿಲ್ಲಲಿ, ಹಳ್ಳಿಗೆ ಹೋದ ಪ್ರತಿ ಪಾರ್ಸೆಲ್ಲಿಗೆ ಶಾಖಾ ಕಚೇರಿಗೆ ಬಟವಾಡೆಯ ಕೂಲಿ ಕೊಡಲಿ.

ಇದಕ್ಕೆ ದೆಹಲಿ ಒಪ್ಪುವವರೆಗೆ ಊರಿನಿಂದಲೇ ಆಗುವ ಕೆಲಸವೂ ಇದೆ. ಪಡಸಾಲೆಯ ಕಚೇರಿಗೆ ಗ್ರಾಮ ಪಂಚಾಯಿತಿ ಕಟ್ಟಡದಲ್ಲಿ ಕರೆಂಟು, ಇಂಟರ್ನೆಟ್ಟು ಇರುವ ಒಂದು ಕೋಣೆ ಕೊಡುತ್ತೇವೆ ಎಂದು ಪಂಚಾಯಿತಿ ಠರಾವು ಮಾಡಬಹುದು. ಒಂದು ಲಕೋಟೆಯ ದೂರಾದರೆ 13 ಅಕ್ಷರದ ನಂಬರು, ಬುಕ್ ಮಾಡಿದ ದಿನ, ರಸೀದಿಯ ಪ್ರತಿ, ಶಾಖಾ ಕಚೇರಿಯ ಹೆಸರು, ಪಿನ್ ಇಷ್ಟನ್ನೂ ಬರೆದು ಮೂರು ತಿಂಗಳಿಗೊಮ್ಮೆ ನಡೆಯುವ ಅಂಚೆ ಅದಾಲತ್ತಿಗೆ ಕೊಡಬೇಕು. ಚೀಲ ತಡವಾಗುವ ದೂರು ಬೇರೆ ಜಾತಿಯದು. ಒಂದು ತಿಂಗಳು ದಿನವೂ ಬಸ್ಸು ಬಂದ ಹೊತ್ತು, ಚೀಲ ಬಿಚ್ಚಿದ ಹೊತ್ತು ಬರೆದಿಟ್ಟು, ಮಾರ್ಗ ಅಥವಾ ಬಟವಾಡೆಯ ವೇಳೆ ಬದಲಿಸಲು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಪ್ರತಿಗಳನ್ನು ನಿಮ್ಮ ವಿಭಾಗದ ಅಂಚೆ ಸೂಪರಿಂಟೆಂಡೆಂಟರಿಗೂ ಧಾರವಾಡದ ಪೋಸ್ಟ್‌ಮಾಸ್ಟರ್ ಜನರಲ್ ಕಚೇರಿಗೂ ಕಳಿಸಿ.